ಅಣ್ಣ ಡಾಕ್ಟರ್ ಹತ್ತಿರ ಬರಲ್ಲ ಅಂತಾನೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ನನಗೆ 27 ವರ್ಷ, ತುಮಕೂರಿನಲ್ಲಿ ಕೆಲಸ. ಅಣ್ಣನಿಗೆ 31. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಬಂದವನು ಕೋಣೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಪಕ್ಕದ ತೋಟದವರು ರಾತ್ರಿಯೆಲ್ಲ ತನ್ನ ಬಗ್ಗೆ ಮಾತಾಡುತ್ತಾರೆ, ಫೋನಿನಿಂದ ತನ್ನನ್ನು ನೋಡುತ್ತಿದ್ದಾರೆ, ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನುತ್ತಾನೆ. ಡಾಕ್ಟರ್ ಅಂದರೆ ಸಾಕು, ‘ನನಗೇನಾಗಿದೆ? ನಿಮಗೇ ತಲೆ ಕೆಟ್ಟಿದೆ’ ಅಂತ ರೇಗುತ್ತಾನೆ. ಅಮ್ಮ ಒಬ್ಬ ಡಾಕ್ಟರಿಗೆ ವಿಷಯ ಹೇಳಿ ಮಾತ್ರೆ ತಂದು, ಆರು ತಿಂಗಳಿಂದ ಸಾರಿನಲ್ಲಿ ಕಲಸಿ ಕೊಡುತ್ತಿದ್ದಾರೆ. ಸ್ವಲ್ಪ ವಾಸಿ ಅನ್ನಿಸಿತ್ತು. ಈಗ ಮನೆ ಊಟವನ್ನೇ ಸರಿಯಾಗಿ ಮಾಡುತ್ತಿಲ್ಲ. ಅಪ್ಪ ಸೋಮಾರಿತನ ಅನ್ನುತ್ತಾರೆ. ಮಾವ ಮದುವೆ ಮಾಡಿ ಅನ್ನುತ್ತಾರೆ. ಎಡೆಯೂರಿಗೂ ಹೋಗಿ ಬಂದಾಯಿತು. ಅವನನ್ನು ಹೇಗೆ ಒಪ್ಪಿಸಲಿ? ಅಮ್ಮ ಮಾಡುತ್ತಿರುವುದು ತಪ್ಪಾ? ಇನ್ನೊಂದು, ಇದು ನನಗೂ ಬರುತ್ತದಾ?

ಉತ್ತರ: ಒಪ್ಪಿಸುವುದು ಹೇಗೆ ಅನ್ನುವುದು ನಿಮ್ಮ ಮೊದಲ ಪ್ರಶ್ನೆ. ಅದಕ್ಕೆ ಬರುತ್ತೇನೆ. ಆದರೆ ಮೊದಲು ಸಾರಿನ ವಿಷಯ ಮಾತಾಡೋಣ. ಮಿಕ್ಕಿದ್ದೆಲ್ಲ ಅಲ್ಲೇ ಸಿಕ್ಕಿಹಾಕಿಕೊಂಡಿದೆ.

ನಿಮ್ಮ ಅಣ್ಣ ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನುತ್ತಿದ್ದಾರೆ. ಮನೆಯವರು ‘ಹಾಗೇನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಅನ್ನುತ್ತಿದ್ದೀರಿ. ಈ ಒಂದು ವಿಷಯದಲ್ಲಿ ಅವರ ಮಾತು ನಿಜ, ನಿಮ್ಮದು ಸುಳ್ಳು. ಮೊದಲು ಅದು ಬರೀ ಅನುಮಾನವಾಗಿತ್ತೋ ಏನೋ, ಈಗ ಅದಕ್ಕೆ ಸಾಕ್ಷಿ ಸಿಕ್ಕಿದೆ. ಸಾರು ಕಹಿಯಾಗಿರಬಹುದು. ತಟ್ಟೆಯ ತಳದಲ್ಲಿ ಬಿಳಿ ಪುಡಿ ಕಂಡಿರಬಹುದು. ಉಂಡ ಮೇಲೆ ಮಂಪರು ಬರುವುದು ಅವರಿಗೆ ಗೊತ್ತಾಗದೇ ಇರುತ್ತದಾ? ಊಟದ ವಿಷಯದಲ್ಲಿ ಸುಳ್ಳು ಹೇಳುವವರು ಪಕ್ಕದ ತೋಟದ ವಿಷಯದಲ್ಲಿ ನಿಜ ಹೇಳುತ್ತಾರೆ ಅಂತ ಅವರು ಯಾಕೆ ನಂಬಬೇಕು?

ಅಮ್ಮನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ. ಮುದ್ದೆಯಲ್ಲಿ, ಕಾಫಿಯಲ್ಲಿ, ಮಜ್ಜಿಗೆಯಲ್ಲಿ. ಬೇರೆ ದಾರಿ ಕಾಣದ ತಾಯಿ ಮಾಡುವ ಕೆಲಸ ಅದು. ಕೆಲವು ಡಾಕ್ಟರುಗಳೇ ಹಾಗೆ ಕೊಡಿ ಅಂತ ಹೇಳಿ ಕಳಿಸುವುದೂ ಉಂಟು. ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಗೆ ಒಪ್ಪಿಗೆ ಬೇಕು ಅನ್ನುತ್ತದೆ. ಆದರೆ ಕಾನೂನಿಗಿಂತ ನನಗೆ ಹೆಚ್ಚು ಚಿಂತೆ ಇರುವುದು ಅಡುಗೆ ಮನೆಯಲ್ಲಿ ಏನಾಗುತ್ತದೆ ಅನ್ನುವುದರ ಬಗ್ಗೆ.

ಒಂದು ದಿನ ಅರ್ಧ ಊಟ, ಇನ್ನೊಂದು ದಿನ ಎರಡು ಸಲ ಸಾರು. ಎಷ್ಟು ಔಷಧಿ ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪನ ಊಟಕ್ಕೂ ಅದೇ ಸಾರು ಬಂದರೆ ಅವರಿಗೂ ಮಂಪರು. ಇನ್ನೂ ಒಂದು ಅಪಾಯ ಇದೆ. ಈ ಮಾತ್ರೆಗಳಲ್ಲಿ ಕೆಲವು, ಶುರುವಿನ ದಿನಗಳಲ್ಲಿ ಅಥವಾ ಪ್ರಮಾಣ ಜಾಸ್ತಿಯಾದಾಗ, ಕತ್ತನ್ನು ಒಂದು ಕಡೆಗೆ ತಿರುಚಿಬಿಡುತ್ತವೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ನಾಲಿಗೆ ದಪ್ಪವಾದ ಹಾಗೆ ಆಗಿ ಮಾತು ತೊದಲುತ್ತದೆ. ನೋಡಿದವರಿಗೆ ಎದೆ ನಡುಗುತ್ತದೆ. ಮೈಮೇಲೆ ಗಾಳಿ ಬಂದಿದೆ ಅಂತ ಮಂತ್ರ ಹಾಕಿಸಲು ಓಡಿದವರಿದ್ದಾರೆ. ಅದು ಔಷಧಿಯ ಅಡ್ಡಪರಿಣಾಮ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದರೆ ರೋಗಿಗೇ ತಾನು ಮಾತ್ರೆ ತಗೊಳ್ಳುತ್ತಿರುವುದು ಗೊತ್ತಿಲ್ಲ ಅಂದರೆ, ಆ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರಿಗೆ ಹೇಳುವವರು ಯಾರು?

ಹಾಗಂತ ನಾಳೆಯಿಂದಲೇ ನಿಲ್ಲಿಸಿಬಿಡಿ ಅಂತಲೂ ಹೇಳುವುದಿಲ್ಲ. ಆರು ತಿಂಗಳಿಂದ ಹೋಗುತ್ತಿರುವ ಔಷಧಿಯನ್ನು ಏಕ್ದಂ ನಿಲ್ಲಿಸಿದರೆ ನಿದ್ದೆ ಕೆಟ್ಟು ಕಾಯಿಲೆ ಮರುಕಳಿಸಬಹುದು. ನೀವು ಮತ್ತು ಅಮ್ಮ ಅದೇ ಡಾಕ್ಟರ ಹತ್ತಿರ ಹೋಗಿ. ‘ಇದನ್ನು ಇನ್ನು ಮುಚ್ಚಿಟ್ಟು ಕೊಡುವುದಿಲ್ಲ, ಹೇಗೆ ಹೊರಗೆ ಬರುವುದು ಹೇಳಿ’ ಅಂತ ನೇರವಾಗಿ ಕೇಳಿ. ಅಣ್ಣನಿಗೆ ಯಾವಾಗ, ಹೇಗೆ ತಿಳಿಸುವುದು ಅಂತ ಅವರ ಜೊತೆ ಕೂತು ಮಾತಾಡಿಕೊಳ್ಳಿ. ಅಷ್ಟರೊಳಗೆ ಅಣ್ಣನೇ ಮುಖ ನೋಡಿ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. ‘ಹೌದಣ್ಣ, ನಿನಗೆ ನಿದ್ದೆ ಬರಲಿ ಅಂತ ಅಮ್ಮ ಡಾಕ್ಟರ್ ಕೊಟ್ಟ ಮಾತ್ರೆ ಹಾಕುತ್ತಿದ್ದರು. ಹೇಳದೆ ಹಾಕಿದ್ದು ತಪ್ಪು. ಇನ್ನು ಹಾಕಲ್ಲ, ನಿನ್ನ ಕೈಗೇ ಕೊಡುತ್ತಾರೆ.’ ಇಷ್ಟು ಸಾಕು. ಅವರು ಕೂಗಾಡಬಹುದು, ಕೆಲವು ದಿನ ಮಾತು ಬಿಡಬಹುದು. ಆ ಕೋಪಕ್ಕೆ ಕಾರಣ ಇದೆ, ಅದನ್ನು ತಡೆದುಕೊಳ್ಳಬೇಕು. ಅಲ್ಲಿಂದ ಮುಂದೆ ಎಲ್ಲರೂ ಒಂದೇ ಪಾತ್ರೆಯಿಂದ, ಅವರ ಎದುರಿಗೇ ಬಡಿಸಿಕೊಂಡು ಉಣ್ಣಿ. ತಟ್ಟೆಗೆ ಅವರೇ ಹಾಕಿಕೊಳ್ಳಲಿ.

ಈಗ ಒಪ್ಪಿಸುವ ಮಾತು.

ಪತ್ರದಲ್ಲಿ ಬರೆದದ್ದನ್ನು ನೋಡಿ ಕಾಯಿಲೆಗೆ ಹೆಸರು ಹಚ್ಚುವುದು ಸರಿಯಲ್ಲ. ಇಲ್ಲದ ದನಿ ಕೇಳಿಸುವುದು, ಗಟ್ಟಿಯಾದ ಅನುಮಾನ, ಕೆಲಸ ಬಿಟ್ಟು ಕೋಣೆ ಸೇರುವುದು, ಇವು ಸ್ಕಿಜೋಫ್ರೀನಿಯಾದಲ್ಲಿ ಕಾಣುತ್ತವೆ. ತೀವ್ರವಾದ ಖಿನ್ನತೆಯಲ್ಲಿ, ಗಾಂಜಾ ಅಭ್ಯಾಸದಲ್ಲಿ, ಅಪರೂಪಕ್ಕೆ ಥೈರಾಯ್ಡ್ ತೊಂದರೆಯಲ್ಲೂ ಕಾಣುತ್ತವೆ. ಅದನ್ನು ಬಿಡಿಸಿ ಹೇಳಲು ಒಬ್ಬ ಮನೋವೈದ್ಯರು ಅವರನ್ನು ಕಣ್ಣಾರೆ ನೋಡಲೇಬೇಕು. ಮಾತ್ರೆ ಬರೆದುಕೊಟ್ಟವರು ಅವರನ್ನು ನೋಡಿಯೇ ಇಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ.

‘ನನಗೇನಾಗಿದೆ?’ ಅಂತ ಅವರು ಕೇಳುವುದು ಹಟದಿಂದಲ್ಲ. ತನಗೆ ಕಾಯಿಲೆ ಇದೆ ಅಂತ ಗೊತ್ತಾಗದೇ ಇರುವುದು ಈ ಕಾಯಿಲೆಯ ಒಂದು ಭಾಗ. ಮಾನಸಿಕ ಕಾಯಿಲೆ ಶುಗರ್ ಇದ್ದ ಹಾಗೆ, ದಿನಾ ಮಾತ್ರೆ ತಗೊಂಡರೆ ಆಯಿತು ಅಂತ ನಮ್ಮವರೂ ಭಾಷಣದಲ್ಲಿ ಹೇಳುತ್ತಾರೆ. ನನಗೆ ಆ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ಶುಗರ್ ಇದ್ದವರು ಮಿಷನ್ ತೋರಿಸಿದ ನಂಬರನ್ನು ನಂಬುತ್ತಾರೆ. ನಿಮ್ಮ ಅಣ್ಣನ ಕಿವಿಗೆ ದನಿ ನಿಜವಾಗಿ ಕೇಳಿಸುತ್ತಿದೆ. ನಿಮ್ಮ ಮಾತು ಅವರಿಗೆ ಎಷ್ಟು ಸ್ಪಷ್ಟವಾಗಿ ಕೇಳುತ್ತದೋ, ಆ ದನಿಯೂ ಅಷ್ಟೇ ಸ್ಪಷ್ಟ. ತನ್ನ ಕಿವಿಯನ್ನು ನಂಬಬೇಕೋ, ತಂಗಿಯ ಮಾತನ್ನೋ? ನಾವಾದರೂ ಕಿವಿಯನ್ನೇ ನಂಬುತ್ತಿದ್ದೆವು.

ಆದ್ದರಿಂದ ‘ನಿನಗೆ ಕಾಯಿಲೆ ಇದೆ’ ಅಂತ ಒಪ್ಪಿಸುವ ಕೆಲಸವನ್ನೇ ಬಿಟ್ಟುಬಿಡಿ. ಅದು ನಿಮ್ಮ ಕೆಲಸ ಅಲ್ಲ, ಅದರಲ್ಲಿ ಗೆದ್ದವರು ಬಹಳ ಕಡಿಮೆ. ಕಾಯಿಲೆ ಒಪ್ಪದೆಯೇ ಚಿಕಿತ್ಸೆ ತಗೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನಿದ್ದೆಗೆ ಅಂತ ಬರುತ್ತಾರೆ, ತಲೆ ಭಾರಕ್ಕೆ ಅಂತ ಬರುತ್ತಾರೆ, ಅಮ್ಮನ ಸಮಾಧಾನಕ್ಕೆ ಅಂತ ಬರುತ್ತಾರೆ. ಬಂದರೆ ಸಾಕು.

ಹಾಗಾದರೆ ಏನು ಮಾತಾಡಬೇಕು? ‘ಕೇಳಿಸ್ತಾ ಇದೆಯಲ್ಲ, ನಿನಗೆ ಕೇಳಿಸಲ್ವಾ?’ ಅಂತ ಅಣ್ಣ ಕೇಳುತ್ತಾರೆ ಅಂದುಕೊಳ್ಳಿ. ಜಗಳ ಬೇಡ ಅಂತ ‘ಹೂಂ, ಕೇಳಿಸುತ್ತೆ’ ಅಂದರೆ ಅದು ಸುಳ್ಳು, ನಾಳೆ ನಿಮ್ಮ ಮೇಲೇ ತಿರುಗುತ್ತದೆ. ‘ಏನೂ ಇಲ್ಲ, ಸುಮ್ನಿರು’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ನಡುವೆ ಒಂದು ದಾರಿ ಇದೆ. ‘ನನಗೆ ಕೇಳಿಸ್ತಿಲ್ಲ ಅಣ್ಣ. ಆದ್ರೆ ನಿನಗೆ ಕೇಳಿಸ್ತಿದೆ ಅನ್ನೋದು ಗೊತ್ತು. ರಾತ್ರಿಯೆಲ್ಲ ಹೀಗಾದ್ರೆ ನಿದ್ದೆ ಹೇಗೆ ಮಾಡ್ತೀಯ?’ ಇಲ್ಲಿ ನೀವು ದನಿ ಇದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ವಾದ ಮಾಡಲಿಲ್ಲ. ಅವರ ಕಷ್ಟವನ್ನು ಹಿಡಿದಿರಿ. ನಿದ್ದೆ ಕೆಟ್ಟಿರುವುದನ್ನು ಅವರೂ ಒಪ್ಪುತ್ತಾರೆ, ನೀವೂ ಒಪ್ಪುತ್ತೀರಿ. ಡಾಕ್ಟರ ಬಾಗಿಲು ಅಲ್ಲಿಂದ ತೆರೆಯುತ್ತದೆ. ‘ನಿದ್ದೆಗೆ ಏನಾದರೂ ಕೊಡುತ್ತಾರಾ ಕೇಳೋಣ ಬಾ, ನಾನೂ ಜೊತೆಗೆ ಬರ್ತೀನಿ.’ ಇದು ಮೋಸ ಅಲ್ಲ. ಚಿಕಿತ್ಸೆ ಶುರುವಾದರೆ ಮೊದಲು ಸುಧಾರಿಸುವುದು ಬಹಳ ಸಲ ನಿದ್ದೆಯೇ.

ಒಂದೇ ಸಲಕ್ಕೆ ಇದು ಆಗುವುದಿಲ್ಲ. ಹೋದ ಹೋದಾಗೆಲ್ಲ ಡಾಕ್ಟರ್ ಮಾತೇ ತೆಗೆದರೆ, ನಿಮ್ಮ ಬೈಕ್ ಸದ್ದು ಕೇಳಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ. ನಾಲ್ಕು ಸಲ ಹೋದರೆ ಮೂರು ಸಲ ಬೇರೆ ಮಾತಾಡಿ. ಕ್ರಿಕೆಟ್, ಹಳೇ ಫ್ರೆಂಡ್ಸ್, ಕೊಬ್ಬರಿ ರೇಟು. ಮಾತಿಲ್ಲದೆ ಪಕ್ಕದಲ್ಲಿ ಕೂತು ಕಾಫಿ ಕುಡಿದು ಬಂದರೂ ಲೆಕ್ಕಕ್ಕುಂಟು. ಹೇಳಬೇಕಾದವರು ನೀವೇ ಆಗಬೇಕು ಅಂತಲೂ ಇಲ್ಲ. ಮನೆಯವರ ಮಾತಿಗೆ ಬಗ್ಗದವರು ಒಬ್ಬ ಹಳೆಯ ಮೇಷ್ಟ್ರ ಮಾತಿಗೆ, ಜೊತೆಗೆ ಓದಿದವನ ಮಾತಿಗೆ ಎದ್ದು ಬರುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಅವರು ಈಗಲೂ ಯಾರನ್ನು ಅನುಮಾನಿಸುತ್ತಿಲ್ಲ ಅಂತ ಯೋಚಿಸಿ.

ಮದುವೆಗೆ ಹೋಗೋಣ ಅಂತ ಕಾರು ಹತ್ತಿಸಿ ಆಸ್ಪತ್ರೆ ಮುಂದೆ ಇಳಿಸುವ ಕೆಲಸ ಮಾತ್ರ ಬೇಡ. ಆ ದಿನ ಕೆಲಸ ಆಗಬಹುದು. ಆಮೇಲೆ ಅವರು ನಿಮ್ಮ ಜೊತೆ ಯಾವ ಕಾರೂ ಹತ್ತುವುದಿಲ್ಲ.

ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ತಂಡ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಮನೋಚೈತನ್ಯ ಅಂತ ಹೆಸರು, ಸಾಮಾನ್ಯವಾಗಿ ಮಂಗಳವಾರದ ಕ್ಲಿನಿಕ್. ತಿಪಟೂರಿಗೆ ತಂಡ ಯಾವ ವಾರ ಬರುತ್ತದೆ ಅಂತ ಊರಿನ ಆಶಾ ಕಾರ್ಯಕರ್ತೆಯಿಂದ ಅಥವಾ ಆಸ್ಪತ್ರೆಯಿಂದ ವಿಚಾರಿಸಿಕೊಂಡು ಹೊರಡಿ. ಇದಕ್ಕೆ ಬೇಕಾದ ಮುಖ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ, ನಿಮಗೆ ಅದೇ ಹತ್ತಿರ. ತುರ್ತು ಅನ್ನಿಸಿದರೆ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಅಣ್ಣ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರು ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೊದಲ ಸಲ ಡಾಕ್ಟರನ್ನು ನೋಡುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಊಟ ಎಷ್ಟು, ಕುಡಿತ ಅಥವಾ ಗಾಂಜಾ ಇತ್ತಾ, ಹಿಂದೆ ಮನೆತನದಲ್ಲಿ ಯಾರಿಗಾದರೂ ಇತ್ತಾ. ಸಾರಿನಲ್ಲಿ ಕೊಟ್ಟ ಮಾತ್ರೆಯ ಚೀಟಿ ಮರೆಯಬೇಡಿ. ಹತ್ತು ನಿಮಿಷದ ಭೇಟಿಯಲ್ಲಿ ಈ ಹಾಳೆ ಬಹಳ ಕೆಲಸಕ್ಕೆ ಬರುತ್ತದೆ.

ಎರಡು ವರ್ಷ ತಡವಾಯಿತಲ್ಲ ಅಂತ ಕೊರಗುತ್ತಿದ್ದರೆ ನಿಮ್ಮ ಪಕ್ಕದ ತಾಲ್ಲೂಕಿನ ವಿಷಯ ಕೇಳಿ. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಗುರುತಿಸಿ, ಅವರಿದ್ದಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿ, ವರ್ಷಗಟ್ಟಲೆ ಗಮನಿಸುತ್ತಾ ಬಂದಿದೆ. ಅವರಲ್ಲಿ ಎಷ್ಟೋ ಜನ ಬಹಳ ಕಾಲ ಚಿಕಿತ್ಸೆಯೇ ಕಾಣದವರು. ಹಾಗಿದ್ದೂ ಮಾತ್ರೆ ಶುರುವಾದ ಮೇಲೆ ಬಹಳ ಮಂದಿ ಮನೆಯ, ಹೊಲದ ಕೆಲಸಕ್ಕೆ ಮರಳಿದರು. ದೊಡ್ಡ ಆಸ್ಪತ್ರೆಯ ವಾರ್ಡ್ ಇಲ್ಲದೆಯೇ.

ಇನ್ನು ನಿಮ್ಮ ತಂದೆ. ಸೋಮಾರಿತನ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಆದರೆ ಈ ಮಾತು ನಿಲ್ಲಬೇಕು. ಇದಕ್ಕೆ ಗಟ್ಟಿ ಕಾರಣ ಇದೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಂಶೋಧಕರು ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಿಂದ ವಾಸಿಯಾಗಿ ತಂದೆ-ತಾಯಿ, ಹೆಂಡತಿ ಇರುವ ಮನೆಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು, ಬಾಡಿಗೆ ಕೋಣೆಗೆ ಹೋದವರಿಗಿಂತ ಜಾಸ್ತಿಯಿತ್ತು. ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮನೆಯ ಮಾತಿನ ಬಿಸಿ. ಎತ್ತಿ ಆಡುವುದು, ಹೀಯಾಳಿಸುವುದು, ಜೊತೆಗೆ ಇಪ್ಪತ್ನಾಲ್ಕು ಗಂಟೆ ಮೇಲೆ ಬಿದ್ದು ಕಾಳಜಿ ಮಾಡುವುದು. ಹೌದು, ಅತಿಯಾದ ಅಕ್ಕರೆಯೂ ಆ ಪಟ್ಟಿಯಲ್ಲಿದೆ. ಅಮ್ಮನಿಗೂ ಒಂದು ಪಾಲು ಇದೆ ಅನ್ನಿ. ಅಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಮುಖಾಮುಖಿ ಕೂತಿರುವವರಿಗೆ ಅಪಾಯ ಹೆಚ್ಚು ಅಂತ 1976ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಗಮನಿಸಿ, ಕಾಯಿಲೆ ಬಂದದ್ದು ಮನೆಯವರಿಂದ ಅಂತ ಯಾರೂ ಹೇಳುತ್ತಿಲ್ಲ. ವಾಸಿಯಾದ ಮೇಲೆ ಉಳಿಸಿಕೊಳ್ಳುವುದರಲ್ಲಿ ಮನೆಯ ಪಾಲು ದೊಡ್ಡದು, ಅಷ್ಟೆ.

ನಮಗೆ ಖುಷಿ ಕೊಡುವ ವಿಷಯವೂ ಇದೆ. ಇದೇ ಅಳತೆಗೋಲನ್ನು 1980ರ ದಶಕದಲ್ಲಿ ಚಂಡೀಗಢದ ಕುಟುಂಬಗಳಲ್ಲಿ ಹಿಡಿದು ನೋಡಿದಾಗ, ಚುಚ್ಚು ಮಾತು ಅಲ್ಲಿ ಕಡಿಮೆ ಕಂಡಿತು. ಅದರಲ್ಲೂ ಹಳ್ಳಿ ಮನೆಗಳಲ್ಲಿ ಇನ್ನೂ ಕಡಿಮೆ. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಬೇರೆ ದೇಶಗಳು ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದ ಕಾಲ ಅದು.

ಅಪ್ಪನಿಗೆ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲದಿರಬಹುದು. ಒಂದು ಮಾತು ಮಾತ್ರ ಹೇಳಿ. ಮಾತ್ರೆಯಿಂದ ದನಿ, ಅನುಮಾನ ವಾರಗಳಲ್ಲಿ ಕಡಿಮೆಯಾಗಬಹುದು. ಆದರೆ ಏನೂ ಮಾಡಬೇಕು ಅನ್ನಿಸದೇ ಇರುವುದು, ಸ್ನಾನಕ್ಕೂ ಏಳಲಾಗದೇ ಇರುವುದು ಕಾಯಿಲೆಯದೇ ಇನ್ನೊಂದು ಮುಖ. ಅದು ನಿಧಾನಕ್ಕೆ ಹೋಗುತ್ತದೆ, ಬೈದರೆ ಬೇಗ ಹೋಗುವುದಿಲ್ಲ. ನಿಮ್ಮ ಕೈಲಿ ಆಗದಿದ್ದರೆ ಡಾಕ್ಟರ ಬಾಯಿಂದ ಹೇಳಿಸಿ. ನಮ್ಮ ತಂದೆಯವರ ಪೀಳಿಗೆ ಮಗಳ ಮಾತಿಗಿಂತ ಚೀಟಿ ಬರೆಯುವವರ ಮಾತಿಗೆ ಬೆಲೆ ಕೊಡುತ್ತದೆ, ಏನು ಮಾಡೋಣ.

ಅಪ್ಪನ ಹತ್ತಿರ ಮಾತಾಡಬೇಕಾದ ಇನ್ನೊಂದು ವಿಷಯ ತೋಟದ ಮೋಟಾರು. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ, ಹೇಗೂ ಎದ್ದೇ ಇರುತ್ತಾನಲ್ಲ ಅಂತ ಇವರನ್ನೇ ನೀರು ಕಟ್ಟಲು ಕಳಿಸುವ ಮನೆಗಳಿವೆ. ನಿಮ್ಮಲ್ಲೂ ಹಾಗಿದ್ದರೆ ನಿಲ್ಲಿಸಿ. ಈ ಕಾಯಿಲೆಯಲ್ಲಿ ರಾತ್ರಿ ನಿದ್ದೆ ಅಂದರೆ ಅರ್ಧ ಔಷಧಿ. ಒಬ್ಬರೇ ಕತ್ತಲ ತೋಟದಲ್ಲಿ ನಿಂತರೆ ದನಿಯೂ ಜೋರಾಗುತ್ತದೆ. ಹಗಲಿನಲ್ಲಿ ಸಣ್ಣ ಕೆಲಸ ಕೊಡಿ. ಎಷ್ಟು ಕಾಯಿ ಇಳಿಯಿತು ಅಂತ ಎಣಿಸಿ ಬರೆದಿಡುವುದು, ಅಟ್ಟದ ಕೊಬ್ಬರಿ ಲೆಕ್ಕ, ಮನೆ ಹಿಂದಿನ ಗಿಡಕ್ಕೆ ನೀರು. ಡಿಪ್ಲೊಮಾ ಓದಿದವರು, ಲೆಕ್ಕ ಇಡುವುದು ಅವರಿಗೆ ಕೀಳು ಅನ್ನಿಸಲಾರದು. ಡೈರಿಗೆ ಹಾಲು ಹಾಕುವಂಥ ನಾಲ್ಕು ಜನರ ಮುಂದೆ ನಿಲ್ಲುವ ಕೆಲಸ ಆಮೇಲಿನ ಮಾತು. ಇವತ್ತು ಮಾಡಲಿಲ್ಲ ಅಂದರೆ ನಾಳೆ, ಅಷ್ಟೆ.

ಎಡೆಯೂರಿಗೆ ಹೋಗಿ ಬಂದದ್ದರಲ್ಲಿ ತಪ್ಪೇನಿಲ್ಲ. ದೇವರೋ ಮಾತ್ರೆಯೋ ಅಂತ ಮನೆಯಲ್ಲಿ ಜಗಳ ಎಬ್ಬಿಸಬೇಡಿ, ಎರಡೂ ನಡೆಯಲಿ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಹರಕೆಗೆ ಬಂದವರನ್ನು ಅಲ್ಲೇ ಮನೋವೈದ್ಯರೂ ನೋಡುವ ಏರ್ಪಾಡು ಮಾಡಿದರು, ‘ದವಾ-ದುವಾ’ ಅಂತ ಅದಕ್ಕೆ ಹೆಸರು. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಅಂತ ಯಾರಾದರೂ ಶುರು ಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಸರಪಳಿ ಹಾಕುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ.

ಮದುವೆ? ಈಗ ಬೇಡ. ಮಾವನಿಗೆ ಇಷ್ಟೇ ಹೇಳಿ. ಮದುವೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಮುಚ್ಚಿಟ್ಟು ಮಾಡಿದರೆ ಬರುವ ಹುಡುಗಿಗೆ ಅನ್ಯಾಯ, ಕೋರ್ಟಿನಲ್ಲಿ ಅಂಥ ಮದುವೆ ನಿಲ್ಲದೆಯೂ ಹೋಗಬಹುದು. ಚೆನ್ನಾಗಿ ಸುಧಾರಿಸಿದ ಮೇಲೆ, ಎಲ್ಲವನ್ನೂ ಹೇಳಿ, ಅವರಿಗೇ ಬೇಕು ಅನ್ನಿಸಿದರೆ ಅದು ಬೇರೆ ಮಾತು.

ಮಾತ್ರೆ ಶುರುವಾದ ಮೇಲೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ನಾಲ್ಕೈದು ತಿಂಗಳಲ್ಲಿ ಚೆನ್ನಾಗಿ ಆಗುತ್ತಾರೆ. ಆಗ ಮನೆಯವರೇ ‘ಇನ್ನೆಷ್ಟು ದಿನ ಮಾತ್ರೆ ನುಂಗೋದು’ ಅಂತ ನಿಲ್ಲಿಸಿಬಿಡುತ್ತಾರೆ. ಮೊದಲ ಸಲ ಬಂದವರಿಗೂ ಸುಧಾರಿಸಿದ ಮೇಲೆ ಕನಿಷ್ಠ ಒಂದೆರಡು ವರ್ಷ ಔಷಧಿ ಮುಂದುವರಿಸುವುದು ವಾಡಿಕೆ. ಕೆಲವರಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ತೂಕ ಏರುವುದು, ಕೈ ನಡುಗುವುದು, ಹಗಲೂ ನಿದ್ದೆ, ಇವು ನಿಜವಾದ ತೊಂದರೆಗಳು. ಅವರು ಹೇಳಿದಾಗ ‘ನೆಪ’ ಅನ್ನಬೇಡಿ, ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು. ದಿನಾ ನುಂಗುವುದೇ ಬೇಜಾರು ಅನ್ನುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ತಗೊಳ್ಳುವ ಇಂಜೆಕ್ಷನ್ ಇದೆ. ಒಪ್ಪಿ ತಗೊಂಡರೆ ಮನೆಯಲ್ಲಿ ದಿನಾ ‘ಮಾತ್ರೆ ತಗೊಂಡ್ಯಾ’ ಅನ್ನುವ ಜಗಳವೇ ಇರುವುದಿಲ್ಲ. ಸಾರಿನ ಉಪಾಯಕ್ಕೆ ಬದಲಾಗಿ ಡಾಕ್ಟರ ಹತ್ತಿರ ಮೊದಲು ಕೇಳಬೇಕಾದದ್ದು ಇದನ್ನೇ.

ಸ್ವಲ್ಪ ಕಷ್ಟದ ಮಾತು. ಬದುಕು ಸಾಕು ಅನ್ನುವ ಅರ್ಥದ ಮಾತು ಅವರ ಬಾಯಲ್ಲಿ ಬಂದರೆ, ಅಥವಾ ಬರದಿದ್ದರೂ ನಿಮಗೆ ಹಾಗೆ ಅನ್ನಿಸಿದರೆ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ ಅಣ್ಣ?’ ಕೇಳಿದರೆ ತಲೆಗೆ ಆ ಯೋಚನೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕೇಳಿದರೆ ಬಹಳ ಜನ ಹೇಳಿಕೊಳ್ಳುತ್ತಾರೆ. ಕೃಷಿ ಮನೆ ನಿಮ್ಮದು. ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಗಳನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ, ಅಥವಾ ಬೀಗ ಹಾಕಿ ಬೀಗದ ಕೈ ಬೇರೆಯವರ ಹತ್ತಿರ ಕೊಡಿ. ಇದಕ್ಕೆ ಅಣ್ಣ ಹಾಗೆ ಹೇಳುವ ತನಕ ಕಾಯಬೇಡಿ. ಆ ಮಾತು ಬಂದ ದಿನ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಹೊರಡಿ.

ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೋದರೆ, ಬೇರೆಯವರ ಮೇಲೆ ಕೈ ಎತ್ತಿದರೆ, ಊಟ ನೀರು ಪೂರ್ತಿ ಬಿಟ್ಟರೆ, ಆಗ ಒಪ್ಪಿಗೆಗೆ ಕಾಯುತ್ತಾ ಕೂರುವ ಹಾಗಿಲ್ಲ. ಅದೇ 2017ರ ಕಾಯ್ದೆಯ 89ನೇ ಸೆಕ್ಷನ್ ಇಂಥ ಹೊತ್ತಿಗೇ ಇರುವುದು. ಮನೆಯವರೊಬ್ಬರು ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದರೆ 30 ದಿನದ ತನಕ ದಾಖಲು ಮಾಡಿಕೊಳ್ಳಬಹುದು. ಮನೆಯಲ್ಲಿ ಸಂಭಾಳಿಸಲು ಆಗುತ್ತಿಲ್ಲ ಅಂದರೆ 112 ಅಥವಾ 108ಕ್ಕೆ ಕರೆ ಮಾಡಿ. ಪೊಲೀಸರನ್ನು ಕರೆಯುವುದು ಮರ್ಯಾದೆ ಪ್ರಶ್ನೆ ಅಂತ ಅಪ್ಪ ಅನ್ನಬಹುದು. ಇಂಥವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರಿಗೆ ಕಾನೂನು ಒಪ್ಪಿಸಿರುವ ಕೆಲಸ, ಕೇಸು ಹಾಕುವುದಲ್ಲ.

ಮರ್ಯಾದೆ ಅಂದಾಗ ನೆನಪಾಯಿತು. ಸ್ಕಿಜೋಫ್ರೀನಿಯಾ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ಎರಡು ಲಕ್ಷ ಜನರ ತಾಲ್ಲೂಕಿನಲ್ಲಿ ನೂರಾರು ಮನೆ ಆಯಿತು. ನಿಮ್ಮ ಮನೆ ಒಂದೇ ಅಲ್ಲ. ಕಾಯಿಲೆ ದೀರ್ಘವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ, ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗುರುತಿನ ಚೀಟಿ ಸಿಗುತ್ತದೆ ಅನ್ನುವುದು ಗೊತ್ತಿರಲಿ. ಅದು ಇವತ್ತಿನ ಕೆಲಸ ಅಲ್ಲ.

ಕೊನೆಗೆ ನೀವು ಒಂದು ಸಾಲಿನಲ್ಲಿ ಕೇಳಿದ ಪ್ರಶ್ನೆ. ಅಣ್ಣನದು ಸ್ಕಿಜೋಫ್ರೀನಿಯಾನೇ ಆಗಿದ್ದರೆ, ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ಮಿಕ್ಕವರಿಗಿಂತ ಜಾಸ್ತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಳೆಯ ಅಧ್ಯಯನಗಳ ಲೆಕ್ಕದಲ್ಲಿ ಇಡೀ ಜೀವಮಾನದಲ್ಲಿ 100ರಲ್ಲಿ ಸುಮಾರು 9 ಮಂದಿಗೆ. ಮಿಕ್ಕ 91 ಮಂದಿಗೆ ಬರುವುದಿಲ್ಲ. ಸಾಮಾನ್ಯವಾಗಿ ಇದು ಶುರುವಾಗುವುದು ಇಪ್ಪತ್ತರ ಆಚೀಚೆ, ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡ. ನಿಮಗೆ 27 ಆಗಿದೆ, ಅಪಾಯದ ಒಂದಷ್ಟು ವರ್ಷ ಆಗಲೇ ಕಳೆದಿದೆ. ಗಾಂಜಾದ ಹತ್ತಿರ ಹೋಗಬೇಡಿ, ಅದು ಇಂಥ ಕುಟುಂಬದವರಿಗೆ ಒಳ್ಳೆಯದಲ್ಲ. ಇಷ್ಟು ಬಿಟ್ಟು ದಿನಾ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳುವುದು ಬೇಡ.

ನಿಮ್ಮ ಬಗ್ಗೆ ನನಗೆ ಹೆಚ್ಚು ಕಾಣಿಸಿದ್ದು ಸುಸ್ತು. ಅಣ್ಣ, ಅಮ್ಮ, ಅಪ್ಪ, ಮಾವ ಎಲ್ಲರ ಮಾತನ್ನೂ ಹೊತ್ತು ಬರೆದಿದ್ದೀರಿ, ನಿಮ್ಮದು ಕೊನೆಯ ಒಂದು ಸಾಲು. ಪ್ರತಿ ವಾರವೂ ಊರಿಗೆ ಹೋಗಲೇಬೇಕು ಅಂತಿಲ್ಲ. ಒಂದು ವಾರ ತುಮಕೂರಿನಲ್ಲೇ ಉಳಿದು ನಿದ್ದೆ ಮಾಡಿ. 14416ಕ್ಕೆ ನೀವು ನಿಮಗಾಗಿಯೂ ಫೋನ್ ಮಾಡಬಹುದು. ನೋಡಿಕೊಳ್ಳುವವರು ಮಾತಾಡಿದರೂ ಅಲ್ಲಿ ಕೇಳಿಸಿಕೊಳ್ಳುತ್ತಾರೆ.